ರಸ್ತೆ ಅಗೆದಾಗ ಕಾಣುವ ಬಣ್ಣ

ಕಾರು ಬಿಡಿಸುವುದು ಭಾರೀ ಕಷ್ಟದ ಕೆಲಸ. ಮನುಷ್ಯರ ಮುಖಕ್ಕಿಂತ ಕಷ್ಟ ಅಂದರೆ ನನ್ನ ಶನಿವಾರದ ಕ್ಲಾಸಿನ ಮಕ್ಕಳು ನಗುತ್ತಾರೆ. ಅವರ ಲೆಕ್ಕದಲ್ಲಿ ಕಾರು ಅಂದರೆ ಒಂದು ಡಬ್ಬ, ಅದರ ಮೇಲೆ ಇನ್ನೊಂದು ಸಣ್ಣ ಡಬ್ಬ, ಕೆಳಗೆ ಎರಡು ಸೊನ್ನೆ. ಸರಿ, ಹೊರಗೆ ನಿಂತಿರುವ ಕಾರನ್ನು ನೋಡಿ ಬಿಡಿಸಿಕೊಂಡು ಬನ್ನಿ ಅಂತ ಕಳಿಸುತ್ತೇನೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ವಾಪಸ್ ಬರುತ್ತಾರೆ. "ಸರ್, ಬಿಳಿ ಕಾರಲ್ಲಿ ಬಿಳಿ ಎಲ್ಲಿದೆ?"

ಒಳ್ಳೆ ಪ್ರಶ್ನೆ. ಹುಡುಕಿದರೆ ಎಲ್ಲೋ ಒಂದು ಅಂಚಿನಲ್ಲಿ ಸಿಗುತ್ತದೆ ಅಷ್ಟೆ. ಬಾನೆಟ್ಟಿನಲ್ಲಿ ಆಕಾಶ ಇರುತ್ತದೆ. ಬಾಗಿಲಿನ ಉದ್ದಕ್ಕೂ ಒಂದು ಮಡಿಕೆ ಹೋಗಿರುತ್ತದಲ್ಲ, ಅದರ ಮೇಲಿನ ಭಾಗದಲ್ಲಿ ಎದುರಿನ ಕಟ್ಟಡವೂ ಮೋಡವೂ ಕಾಣುತ್ತದೆ, ಕೆಳಗಿನ ಭಾಗದಲ್ಲಿ ರಸ್ತೆ ಕಾಣುತ್ತದೆ. ಅದೇ ಕಾರು ಡಾಮರಿನ ಮೇಲೆ ನಿಂತರೆ ಕೆಳಗೆಲ್ಲ ನೀಲಿಗಪ್ಪು. ಕಾಂಕ್ರೀಟಿನ ಮೇಲೆ ನಿಂತರೆ ಕೆಳಗೂ ಬೆಳ್ಳಗೆ. ಅಗೆದು ರಾಶಿ ಹಾಕಿದ ಕೆಂಪು ಮಣ್ಣಿನ ಪಕ್ಕ ನಿಲ್ಲಿಸಿದರೋ, ಹೊಟ್ಟೆಯೆಲ್ಲ ಗುಲಾಬಿ. ಕಾರಿನ ಬಣ್ಣದಲ್ಲಿ ಕಂಪನಿಯವರು ಕೊಟ್ಟದ್ದು ಅರ್ಧ, ರಸ್ತೆ ಕೊಟ್ಟದ್ದು ಇನ್ನರ್ಧ.

ನಾನು ಬೀದಿ ಚಿತ್ರ ಬಿಡಿಸುವವನು. ಜಾಸ್ತಿ ಜಲವರ್ಣ, ದೊಡ್ಡದಾದರೆ ಎಣ್ಣೆಬಣ್ಣ. ಮಂಗಳೂರಿನಲ್ಲಿ ಬೀದಿಯಲ್ಲಿ ಕೂತು ಬಿಡಿಸುವುದು ಅಂದರೆ ಕಾರು ಮತ್ತು ರಸ್ತೆ ಕಾಮಗಾರಿ ಬಿಡಿಸುವುದು ಅಂತಲೇ ಆಗಿಬಿಟ್ಟಿದೆ. ದೇವಸ್ಥಾನ, ಇಗರ್ಜಿ, ಮಸೀದಿ, ಹಂಚಿನ ಮನೆ, ಮೀನು ಮಾರ್ಕೆಟ್ಟು ಎಲ್ಲವೂ ಇದೆ. ಆದರೆ ಯಾವುದನ್ನೇ ನೋಡಬೇಕಾದರೂ ಇವೆರಡರ ಸಂದಿಯಿಂದ ಕತ್ತು ಚಾಚಿ ನೋಡಬೇಕು.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ, ಬೈಯುವವರು ಬೈಯಲಿ. ಈ ಊರು ಚಿತ್ರಕ್ಕೆ ತುಂಬ ಚೆನ್ನಾಗಿ ಒದಗುವುದು ರಸ್ತೆ ಅಗೆದು ಹಾಕಿದಾಗ. ರಸ್ತೆ ಆಗುವ ಮೊದಲೂ ಅಲ್ಲ, ಆದ ಮೇಲೂ ಅಲ್ಲ, ಆ ನಡುವಿನ ಕೆಸರು ಧೂಳಿನ ತಿಂಗಳುಗಳಲ್ಲಿ. ದಿನಾ ಅದರಲ್ಲೇ ಸ್ಕೂಟರ್ ಓಡಿಸಿಕೊಂಡು ಹೋಗುವವರಿಗೆ ಇದು ಕೇಳಿದರೆ ಮಂಡೆ ಬಿಸಿ ಆಗಬಹುದು. ನನಗೂ ಓಡಿಸುವಾಗ ಮಂಡೆ ಬಿಸಿಯೇ. ಕೂತು ನೋಡುವಾಗ ಬೇರೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಊರಿನ ಸ್ವಂತ ಬಣ್ಣ ಕೆಂಪು. ಕೆಂಪು ಅಂದರೆ ಕುಂಕುಮದ ಕೆಂಪಲ್ಲ, ತುಕ್ಕಿನ ಕೆಂಪು. ಮುರಕಲ್ಲಿನ, ಅಂದರೆ ಲ್ಯಾಟರೈಟ್ ಕಲ್ಲಿನ ಬಣ್ಣ. ಲಕ್ಷಾಂತರ ವರ್ಷ ಮಳೆ ಸುರಿದು ಸುರಿದು ಮಣ್ಣಿನಲ್ಲಿದ್ದ ಬೇರೆ ಸಾರವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಜಾಸ್ತಿ ಉಳಿದು, ಆ ಕಬ್ಬಿಣ ತುಕ್ಕು ಹಿಡಿದು ಬಂದ ಬಣ್ಣ ಅದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ: ನೆಲದಲ್ಲಿ ಇರುವಾಗ ಮೆತ್ತಗೆ, ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕಡಿಯಬಹುದು, ಹೊರಗೆ ತೆಗೆದು ಗಾಳಿಗೆ ಇಟ್ಟರೆ ಇಟ್ಟಿಗೆಯಷ್ಟು ಗಟ್ಟಿ. ನಮ್ಮಲ್ಲಿ ಕಲ್ಲು ಕಡಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನನಗೆ ಈ ಮಾತು ಬೇಕಾಗಿರುವುದು ಇನ್ನೊಂದು ಕಾರಣಕ್ಕೆ. ನನ್ನ ಬಣ್ಣದ ಪೆಟ್ಟಿಗೆಯಲ್ಲಿರುವ ಯೆಲ್ಲೋ ಓಕರ್, ರಾ ಸಿಯೆನ್ನಾ, ಬರ್ಂಟ್ ಸಿಯೆನ್ನಾ, ಇಂಡಿಯನ್ ರೆಡ್, ಇವೆಲ್ಲ ಇದೇ ಕಬ್ಬಿಣದ ತುಕ್ಕೇ. ರಾ ಸಿಯೆನ್ನಾ ಮಣ್ಣನ್ನು ಸುಟ್ಟರೆ ಬರ್ಂಟ್ ಸಿಯೆನ್ನಾ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿ ನದಿ ದಂಡೆಯ ಜೇಡಿಮಣ್ಣನ್ನು ಸುಟ್ಟು ಕೆಂಪು ಹಂಚು ಮಾಡಿದಾಗಲೂ ಒಲೆಯೊಳಗೆ ನಡೆದದ್ದು ಅದೇ ಜಾತಿಯ ಕೆಲಸ. ಮನೆಯ ಮಾಡು ಕೆಂಪು, ಗೋಡೆ ಕೆಂಪು, ನೆಲ ಕೆಂಪು. ಮಂಗಳೂರಿನ ಹಳೆ ಬೀದಿ ಬಿಡಿಸಲು ಮೂರು ಟ್ಯೂಬು ಸಾಕು, ಜೊತೆಗೆ ತೆಂಗಿನಮರಕ್ಕೊಂದು ಹಸಿರು.

ಈಗ ಆ ನೆಲ ಎಲ್ಲಿ ಕಾಣುತ್ತದೆ ಹೇಳಿ. ರಸ್ತೆಗೆ ಕಾಂಕ್ರೀಟು, ಬದಿಗೆ ಇಂಟರ್‌ಲಾಕು, ಅಂಗಳಕ್ಕೆ ಇಂಟರ್‌ಲಾಕು, ಪಾಗಾರಕ್ಕೆ ಸಿಮೆಂಟು ಸಾರಣೆ. ಜೇಸಿಬಿ ಬಂದು ಹಲ್ಲು ಊರಿದಾಗ ಮಾತ್ರ ಒಳಗಿನ ಬಣ್ಣ ಮೇಲೆ ಬರುತ್ತದೆ. ಅದೂ ಮಳೆ ಬಂದು ನೆನೆದಿದ್ದರೆ ಆ ಕೆಂಪನ್ನು ನೋಡಬೇಕು ನೀವು. ಪಕ್ಕದಲ್ಲಿ ಜೇಸಿಬಿಯ ಹಳದಿ, ಮೇಲೆ ಮಳೆಗಾಲದ ಆಟಿ ತಿಂಗಳ ಬೂದಿ ಆಕಾಶ. ಆ ಹಳದಿಯಷ್ಟು ಗಟ್ಟಿ ಹಳದಿ ನಮ್ಮ ಬೀದಿಯಲ್ಲಿ ಬೇರೆ ಯಾವುದೂ ಇಲ್ಲ. ಯಾರೋ ಚಿತ್ರಕ್ಕೆಂದೇ ತಂದು ಇಟ್ಟ ಹಾಗೆ ಇರುತ್ತದೆ.

ನಮ್ಮ ಮನೆ ಹತ್ತಿರದ ರಸ್ತೆಯನ್ನು ನೀರಿನ ಪೈಪಿಗೆ ಅಂತ ಅಗೆದಿದ್ದರು. ಯಾರು ಅಗೆದದ್ದು ಅನ್ನುವುದು ಬೇಡ, ಅಗೆಯುವವರು ಬದಲಾಗುತ್ತಾರೆ, ಹೊಂಡ ಬದಲಾಗುವುದಿಲ್ಲ. ಆ ಹೊಂಡದ ಗೋಡೆಯನ್ನು ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಲ್ಲಕ್ಕಿಂತ ಮೇಲೆ ಕಾಂಕ್ರೀಟು, ಗೇಣಿಗಿಂತ ಸ್ವಲ್ಪ ಕಡಿಮೆ ದಪ್ಪ. ಅದರ ಕೆಳಗೆ ಕಪ್ಪು ಗೆರೆ, ಡಾಮರು. ಆಮೇಲೆ ಜಲ್ಲಿ. ಅದರ ಕೆಳಗೆ ಇನ್ನೊಂದು ಕಪ್ಪು ಗೆರೆ, ಅಂದರೆ ಇನ್ನೂ ಹಳೆಯ ಡಾಮರು. ಮತ್ತೆ ಜಲ್ಲಿ, ಹಂಚಿನ ಚೂರು, ಒಂದು ಬಳೆಯ ತುಂಡು ಸಹ ಇತ್ತು. ಅದರ ಕೆಳಗೆ ಕೆಂಪು. ಆ ಕೆಂಪು ಮುಟ್ಟಬೇಕಾದರೆ ಎರಡೂವರೆ ಅಡಿ ಇಳಿಯಬೇಕು.

ಅಂದರೆ ರಸ್ತೆ ಅಷ್ಟು ಮೇಲೆ ಬಂದಿದೆ. ಇದನ್ನು ಎಂಜಿನಿಯರುಗಳಿಗಿಂತ ಮೊದಲು ಚಿತ್ರ ಬಿಡಿಸುವವರು ಗಮನಿಸುತ್ತಾರೆ, ಯಾಕೆಂದರೆ ನಮಗೆ ಅಳತೆ ತಪ್ಪುತ್ತದೆ. ಹಳೆ ಮನೆಗಳು ಕುಳ್ಳಗಾಗುತ್ತಿವೆ. ಮೊದಲು ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಜಗುಲಿಗೆ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಗೇಟು ಅರ್ಧ ತೆರೆದರೆ ಕಾಂಕ್ರೀಟಿಗೆ ತಾಗುತ್ತದೆ. ಪಾಗಾರ ಸೊಂಟದವರೆಗೆ ಇದ್ದದ್ದು ಮೊಣಕಾಲಿಗೆ ಬಂದಿದೆ. ಹಳೆ ಡಾಮರು ಕಿತ್ತು ತೆಗೆಯುವ ಬದಲು ಅದರ ಮೇಲೆಯೇ ಹಾಕುತ್ತ ಹೋದರೆ ಇನ್ನೇನಾಗುತ್ತದೆ? ಜೂನ್ ತಿಂಗಳಲ್ಲಿ ರಸ್ತೆಯ ನೀರೆಲ್ಲ ಸೀದಾ ಚಾವಡಿಗೆ. ನನ್ನ ಹಳೆ ಸ್ಕೆಚ್ ಪುಸ್ತಕದಲ್ಲಿರುವ ಒಂದು ಮನೆಗೂ ಈಗ ಅದೇ ಜಾಗದಲ್ಲಿ ನಿಂತು ಬಿಡಿಸಿದ ಅದೇ ಮನೆಗೂ ಹೋಲಿಸಿದರೆ, ಕಣ್ಣಿನ ಮಟ್ಟದ ಗೆರೆ ಕಿಟಕಿಯಿಂದ ಮಾಡಿನ ಅಂಚಿಗೆ ಹತ್ತಿರ ಹೋಗಿದೆ. ಮನೆ ತಗ್ಗಿಲ್ಲ. ನಾನು ಉದ್ದ ಆಗಿಲ್ಲ. ನನ್ನ ಕಾಲ ಕೆಳಗಿನದ್ದು ಬೆಳೆದಿದೆ.

ಆ ಹೊಂಡ ಇದ್ದ ದಿನಗಳಲ್ಲಿ ನಮ್ಮ ರಸ್ತೆಗೆ ಕಾರು ಬರುತ್ತಿರಲಿಲ್ಲ. ಜನ ರಸ್ತೆಯ ನಡುವೆಯೇ ನಡೆಯುತ್ತಿದ್ದರು. ನಡುವೆಯೇ ನಿಂತು ಮಾತಾಡುತ್ತಿದ್ದರು. ಎದುರು ಮನೆಯ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿನ ಹೊರಗೆ ಕೂತು, ಕೆಲಸದವರಿಗೆ ಹೊಂಡ ಹೇಗೆ ತೋಡಬೇಕು ಅಂತ ತುಳುವಿನಲ್ಲಿ ಹೇಳುತ್ತಿದ್ದರು. ಕೆಲಸದವರು ಜಾರ್ಖಂಡಿನವರು, ಒಂದಕ್ಷರ ಅರ್ಥ ಆಗದಿದ್ದರೂ ತಲೆ ಆಡಿಸುತ್ತಿದ್ದರು. ಮಕ್ಕಳು ಸಂಜೆ ಕ್ರಿಕೆಟ್ ಆಡುತ್ತಿದ್ದರು, ಚೆಂಡು ಹೊಂಡಕ್ಕೆ ಬಿದ್ದರೆ ಔಟು. ನನ್ನ ಸ್ಕೆಚ್ ಪುಸ್ತಕದಲ್ಲಿ ಆ ವಾರಗಳ ಹಾಳೆಗಳಲ್ಲಿ ಇರುವಷ್ಟು ಜನ ಬೇರೆ ಯಾವ ಹಾಳೆಯಲ್ಲೂ ಇಲ್ಲ. ನಿಂತ ಜನ, ಬಗ್ಗಿ ನೋಡುವ ಜನ, ಸೀರೆ ಎತ್ತಿ ಹಲಗೆ ದಾಟುವವರು. ಮಾಮೂಲಿ ದಿನಗಳಲ್ಲಿ ನಮ್ಮ ರಸ್ತೆಯಲ್ಲಿ ಮನುಷ್ಯರು ಕಾಣುವುದು ಬೆನ್ನು ತೋರಿಸಿಕೊಂಡು ಬದಿಯಲ್ಲಿ ಓಡುವವರ ಹಾಗೆ ಮಾತ್ರ.

ಹಾಗಂತ ಎಲ್ಲರಿಗೂ ಖುಷಿ ಅಂತ ತಿಳಿಯಬೇಡಿ. ಮೂಲೆ ಅಂಗಡಿಯ ರಾಯರಿಗೆ ವ್ಯಾಪಾರ ನಿಂತೇಹೋಗಿತ್ತು. ನಾನು ಬಣ್ಣ ಕಲಸುತ್ತಿರುವುದನ್ನು ನೋಡಿ, "ನಿಮಗೆ ಗಮ್ಮತ್ತು ಮಾರಾಯ್ರೆ, ಹೊಂಡ ಆದರೂ ಸೈ, ಗುಡ್ಡೆ ಆದರೂ ಸೈ. ನನ್ನ ಬಾಳೆಹಣ್ಣು ಕೊಳೆಯುವುದನ್ನು ಸ್ವಲ್ಪ ಬಿಡಿಸಿ" ಅಂದರು. ಬಿಡಿಸಿದೆ. ಅದು ಈಗ ಅವರ ಅಂಗಡಿಯಲ್ಲೇ ಕ್ಯಾಲೆಂಡರಿನ ಪಕ್ಕ ಇದೆ.

ಇನ್ನು ದೊಡ್ಡ ಅಗೆತ. ಮೂಡುಬಿದಿರೆ ಕಡೆಗೆ ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದಿದ್ದಾರಲ್ಲ, ಅಲ್ಲಿಗೆ ಒಮ್ಮೆ ಬೆಳಗ್ಗೆ ಹೋಗಿ ನೋಡಿ. ಮೇಲಿಂದ ಕೆಳಗೆ ಬಣ್ಣ ಬದಲಾಗುತ್ತ ಬರುತ್ತದೆ. ತುದಿಯಲ್ಲಿ ಪಾಚಿ ಹಿಡಿದು ಕಪ್ಪಾದ ಮುರ, ಅದರ ಕೆಳಗೆ ಕಂದು, ಆಮೇಲೆ ಕಿತ್ತಳೆ. ಇನ್ನೂ ಕೆಳಗೆ ಇದ್ದಕ್ಕಿದ್ದ ಹಾಗೆ ಗುಲಾಬಿ, ನೇರಳೆ, ಕೊನೆಗೆ ಬಿಳಿ. ಆ ಬಿಳಿ ಗುಲಾಬಿ ಪದರವೇ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ, ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಮುಗಿಯಿತು, ಬಲವೆಲ್ಲ ಹೋಗಿ ಜಾರುತ್ತದೆ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯವರು ಈ ಮಣ್ಣಿನ ಬಗ್ಗೆ ಎಷ್ಟೋ ಅಧ್ಯಯನ ಮಾಡಿದ್ದಾರೆ. ಮೇಲಿನ ಮುರಕಲ್ಲು ಟೊಪ್ಪಿಯ ಹಾಗೆ ಅದನ್ನು ಕಾಯುತ್ತಿರುತ್ತದೆ. ರಸ್ತೆಗೆ ಅಂತ ಬದಿಯಿಂದ ಕಡಿದಾಗ ಒಳಗಿನ ಮೆತ್ತನೆಯದ್ದು ಮಳೆಗೆ ಎದುರಾಗುತ್ತದೆ. ಆಮೇಲೆ ಪ್ರತಿ ಜುಲೈಯಲ್ಲಿ ಪೇಪರಿನಲ್ಲಿ ಗುಡ್ಡ ಕುಸಿತದ ಫೋಟೋ. ನನಗೆ ಅಲ್ಲಿ ಬಣ್ಣದ ಹಬ್ಬ, ಆದರೆ ಆ ಗುಡ್ಡದ ಮೇಲೆ ಮನೆ ಇರುವವರಿಗೆ ರಾತ್ರಿ ನಿದ್ದೆ ಇಲ್ಲ. ಆ ಚಿತ್ರ ಬಿಡಿಸುವಾಗ ತುದಿಯಲ್ಲಿದ್ದ ಒಂದು ಮನೆಯನ್ನು ಬಿಟ್ಟರೆ ಗೆರೆ ಚೆನ್ನಾಗಿ ಬರುತ್ತಿತ್ತು. ಬಿಡಲಿಲ್ಲ. ಅದು ಇಲ್ಲದಿದ್ದರೆ ಬರೇ ಐಸ್‌ಕ್ರೀಮಿನ ಹಾಗೆ ಕಾಣುತ್ತಿತ್ತು.

ಕಾಂಕ್ರೀಟಿಗೆ ಬರೋಣ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ನೀರು ನಿಂತರೆ ಡಾಮರು ಜಲ್ಲಿಯನ್ನು ಬಿಟ್ಟುಕೊಡುತ್ತದೆ, ಅದರ ಮೇಲೆ ಲಾರಿ ಹೋದರೆ ಹೊಂಡ. ಹಾಗಾಗಿ ಊರೊಳಗಿನ ಮುಖ್ಯ ರಸ್ತೆಗಳನ್ನೆಲ್ಲ ಒಂದೊಂದಾಗಿ ಕಾಂಕ್ರೀಟು ಮಾಡಿದರು. ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ಹಂಪನಕಟ್ಟೆಯಿಂದ ಲಾಲ್‌ಬಾಗಿಗೆ ಹಳೆ ಕಾಲದಲ್ಲಿ ಮಳೆಗಾಲದಲ್ಲಿ ರಿಕ್ಷಾದಲ್ಲಿ ಹೋದವರಿಗೆ ಸೊಂಟ ಇನ್ನೂ ನೆನಪಿಟ್ಟುಕೊಂಡಿರುತ್ತದೆ.

ಕಾಂಕ್ರೀಟು ಹಾಕುವುದನ್ನು ನೋಡಲು ನನಗೆ ತುಂಬ ಇಷ್ಟ. ಆ ತಿರುಗುವ ಡ್ರಮ್ಮಿನ ಲಾರಿ ಬಂದು ಸುರಿದು ಹೋದ ಮೇಲೆ ಕೆಲಸದವರು ಅದನ್ನು ಹರಡಿ, ಸಮ ಮಾಡಿ, ಕೊನೆಗೆ ಒಬ್ಬ ಉದ್ದ ಕೋಲಿಗೆ ಕಟ್ಟಿದ ಕಸಬರಿಕೆಯಂಥದ್ದನ್ನು ಅಡ್ಡಕ್ಕೆ ಎಳೆಯುತ್ತಾನೆ. ಟಯರು ಜಾರಬಾರದು ಅಂತ ಆ ಗೀರು. ಅವನು ಎಳೆಯುವುದನ್ನು ನೋಡಿದರೆ ಗೊತ್ತಾಗುತ್ತದೆ ಕೈ ಪಳಗಿದ್ದು ಅಂತ. ಒಂದೇ ಉಸಿರಿಗೆ ಈ ಬದಿಯಿಂದ ಆ ಬದಿಗೆ, ನಡುವೆ ನಿಲ್ಲುವ ಹಾಗಿಲ್ಲ, ಒತ್ತಡ ಹೆಚ್ಚು ಕಡಿಮೆ ಆಗುವ ಹಾಗಿಲ್ಲ, ತೀರಾ ಹಸಿ ಇದ್ದರೆ ಗೀರು ಮುಚ್ಚಿಹೋಗುತ್ತದೆ, ಸ್ವಲ್ಪ ತಡವಾದರೆ ಏಳುವುದೇ ಇಲ್ಲ. ಲೈಟ್‌ಹೌಸ್ ಹಿಲ್ಲಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಅಂಟೋನಿಯೊ ಮೊಸ್ಕೇನಿ ಗೋಡೆ ಮೇಲೆ ಬಿಡಿಸಿದ್ದಾರಲ್ಲ, 1899ರಲ್ಲಿ ಬಂದವರು, ಅವರಿಗೂ ಇದೇ ಗಡಿಬಿಡಿ ಇತ್ತು. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ. ಗಾರೆ ಒಣಗುವ ಮೊದಲು ಆ ದಿನದ ತುಂಡು ಮುಗಿಯಬೇಕು. ಮಾಡಿನ ಕೆಳಗೆ ಅಟ್ಟಣಿಗೆ ಕಟ್ಟಿ ಕತ್ತು ಮೇಲೆ ಮಾಡಿ ಬಿಡಿಸಿದ ಅವರ ಕೆಲಸ ನೋಡಲು ಜನ ದೂರದಿಂದ ಬರುತ್ತಾರೆ. ಅದೇ ಗುಡ್ಡದ ಕೆಳಗೆ ರಸ್ತೆಗೆ ಗೀರು ಎಳೆದವನ ಕೆಲಸದ ಮೇಲೆ ದಿನಾ ಸಾವಿರಾರು ಟಯರು ಹೋಗುತ್ತವೆ, ನಾಲ್ಕೈದು ವರ್ಷದಲ್ಲಿ ಸವೆದು ನಯ ಆಗುತ್ತದೆ.

ಹಾಕಿದ ಮರುದಿನದ ಕಾಂಕ್ರೀಟಿನ ಬಣ್ಣ ನೋಡಿದ್ದೀರಾ? ಬೂದಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾಗಿ ನೋಡಿದರೆ ಅದರಲ್ಲಿ ಹಸಿರಿದೆ. ಒದ್ದೆ ಗೋಣಿ ಹೊದೆಸಿ ಕ್ಯೂರಿಂಗಿಗೆ ಬಿಟ್ಟಾಗ ಕಂದು ಗೋಣಿ, ಅದರ ಸಂದಿಯಲ್ಲಿ ಆ ಹಸಿರುಬೂದಿ, ಅಲ್ಲಲ್ಲಿ ನೀರಿನಲ್ಲಿ ಆಕಾಶದ ತುಂಡು. ಸುಮಾರು ನಾಲ್ಕೂವರೆ ಮೀಟರಿಗೊಂದು ಕಡೆ ಯಂತ್ರದಲ್ಲಿ ಕೊಯ್ದು ಬಿಟ್ಟ ಸಂದು, ಅದಕ್ಕೆ ಆಮೇಲೆ ಕಪ್ಪು ತುಂಬಿಸುತ್ತಾರೆ. ಕಾಂಕ್ರೀಟು ಗಟ್ಟಿಯಾಗುವ ಇಪ್ಪತ್ತೆಂಟು ದಿನದ ಲೆಕ್ಕ ಮುಗಿಯುವವರೆಗೆ ಕಾರಿಗೆ ಪ್ರವೇಶ ಇಲ್ಲ ಅಂತ ಬೋರ್ಡು. ಹಾಗಂತ ಬೈಕಿನವರು ಬಿಡುತ್ತಾರಾ? ಒಂದು ನಾಯಿ ಓಡಿದ ಹೆಜ್ಜೆ, ಒಂದು ಚಪ್ಪಲಿಯ ಗುರುತು, ಯಾರದ್ದೋ ಪ್ರೇಮದ ಇಂಗ್ಲಿಷ್ ಅಕ್ಷರ ಇಲ್ಲದ ಕಾಂಕ್ರೀಟು ರಸ್ತೆ ಈ ಊರಿನಲ್ಲಿ ಇಲ್ಲ. ಆಮೇಲೆ ಒಣಗುತ್ತ ಹಸಿರು ಹೋಗಿ ಬೆಳ್ಳಗಾಗುತ್ತದೆ. ಆಮೇಲೆ ಟಯರು ಹೋದ ಎರಡು ಪಟ್ಟಿ ಮಾತ್ರ ಕಪ್ಪಾಗುತ್ತ, ನಡುವೆ ಎಣ್ಣೆ ಸೋರಿದ ಕಂದು ಪಟ್ಟಿ.

ಈ ಬಿಳಿ ರಸ್ತೆ ನನ್ನ ಚಿತ್ರಗಳಲ್ಲಿ ಬೆಳಕನ್ನೇ ಉಲ್ಟಾ ಮಾಡಿದೆ. ಡಾಮರು ಬಿಸಿಲನ್ನು ನುಂಗುತ್ತದೆ, ಕಾಂಕ್ರೀಟು ವಾಪಸ್ ಎಸೆಯುತ್ತದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಡಾಮರು ರಸ್ತೆ ಬದಿಯಲ್ಲಿ ಕೂತವರ ಕಣ್ಣ ಕೆಳಗೆ, ಗದ್ದದ ಕೆಳಗೆ ಗಾಢ ನೆರಳು ಇರಬೇಕು. ಕಾಂಕ್ರೀಟಿನ ಬದಿಯಲ್ಲಿ ಹಾಗಿಲ್ಲ. ಮಲ್ಲಿಗೆ ಮಾರುವ ಒಬ್ಬ ಅಕ್ಕ ಛತ್ರಿ ಬಿಡಿಸಿ ರಸ್ತೆ ಅಂಚಿನಲ್ಲಿ ಕೂರುತ್ತಾರೆ. ಕಪ್ಪು ಛತ್ರಿ. ಮೇಲಿನಿಂದ ಬಿಸಿಲು ಬರುವುದಿಲ್ಲ, ಆದರೆ ಛತ್ರಿಯ ಒಳಮೈ ಕಪ್ಪಾಗಿರುವ ಬದಲು ಬೂದಿ ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಅವರ ಗದ್ದ, ಮೂಗಿನ ಕೆಳಭಾಗ, ಮೂಗುಬೊಟ್ಟಿನ ತಳ, ಎಲ್ಲಕ್ಕೂ ಕೆಳಗಿನಿಂದ ಬೆಳಕು. ನಾಟಕದ ಸ್ಟೇಜಿನ ಮುಂದೆ ನೆಲದಲ್ಲಿ ಲೈಟು ಇಟ್ಟರೆ ಮುಖ ಹೇಗೆ ಕಾಣುತ್ತದೋ ಆ ಬೆಳಕು ಹಾಡಹಗಲಲ್ಲಿ. ಬಾಳೆಲೆಯಲ್ಲಿ ಸುತ್ತಿಟ್ಟ ಅಟ್ಟೆ ಮಲ್ಲಿಗೆಗೆ, ಅಂದರೆ ಕಟ್ಟಿಟ್ಟ ಹೂವಿಗೆ, ಮಾತ್ರ ಅದರಿಂದ ತೊಂದರೆ, ಬೇಗ ಬಾಡುತ್ತದೆ ಅಂತ ಅವರೇ ಹೇಳಿದ್ದು. "ಮೇಲಿಂದ ಛತ್ರಿ ಹಿಡಿಯಬಹುದು ಸರ್, ಕೆಳಗಿಂದ ಎಂತ ಹಿಡಿಯುವುದು?"

ರಾತ್ರಿ ಮಳೆಗೆ ಮಾತ್ರ ಡಾಮರೇ ಆಗಬೇಕು. ಕಪ್ಪು ನೆಲ ಒದ್ದೆಯಾದರೆ ಕನ್ನಡಿ. ಕಾಂಕ್ರೀಟು ಒದ್ದೆಯಾದರೂ ಅಷ್ಟು ಹೊಳೆಯುವುದಿಲ್ಲ. ಹಾಗಾಗಿ ಬ್ರೇಕ್ ಲೈಟಿನ ಕೆಂಪು ಉದ್ದಕ್ಕೆ ಇಳಿದು ಬರುವ ಚಿತ್ರ ಬೇಕಿದ್ದರೆ ನಾನು ಊರು ಬಿಟ್ಟು ಹೆದ್ದಾರಿ 66ಕ್ಕೆ ಹೋಗುತ್ತೇನೆ. ಕೂಳೂರು ಸೇತುವೆ ಹತ್ತಿರ ಸಂಜೆ ಏಳಕ್ಕೆ ಸಾಲು ನಿಂತಿರುತ್ತದೆ. ಮುಂದಿನದ್ದು ಕಾಸರಗೋಡಿನ ಕೆಎಲ್ 14, ಅದರ ಹಿಂದೆ ಉಡುಪಿಯ ಕೆಎ 20, ನಡುವೆ ನುಗ್ಗಲು ನೋಡುವ ನಮ್ಮ ಕೆಎ 19ರ ಎಕ್ಸ್‌ಪ್ರೆಸ್ ಬಸ್ಸು, ಅದರ ಹಾರನ್ನು ಚಿತ್ರದಲ್ಲಿ ಹಾಕಲು ಆಗುವುದಿಲ್ಲ ಅನ್ನುವುದೊಂದೇ ಸಮಾಧಾನ.

ಯುರೋಪಿನ ಚಿತ್ರಕಾರರಿಗೆ ವಾಹನ ಅಂದರೆ ವೇಗ. 1844ರಲ್ಲೇ ಇಂಗ್ಲೆಂಡಿನ ಟರ್ನರ್ ಮಳೆಯನ್ನು ಸೀಳಿಕೊಂಡು ಬರುವ ರೈಲನ್ನು ಬಿಡಿಸಿದ. ಇಟಲಿಯಲ್ಲಿ ಕವಿ ಮರಿನೆಟ್ಟಿ 1909ರಲ್ಲಿ ಓಡುವ ರೇಸ್ ಕಾರು ಗ್ರೀಕರ ಶಿಲ್ಪಕ್ಕಿಂತ ಚಂದ ಅಂತ ಘೋಷಣೆ ಹೊರಡಿಸಿದ. ಅದಾದ ಮೇಲೆ ಅದೇ ಗುಂಪಿನ ಚಿತ್ರಕಾರ ಜಾಕೊಮೊ ಬಲ್ಲಾ ಓಡುವ ಕಾರನ್ನು ಬಿಡಿಸುತ್ತ ಬಿಡಿಸುತ್ತ, ಕಾರೇ ಮಾಯವಾಗಿ ಬರೇ ಗೆರೆ, ಸುಳಿ, ಚೂಪು ತ್ರಿಕೋನ ಉಳಿಯಿತು. ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪಾಪ ಬಲ್ಲಾನನ್ನು ಒಂದು ಸಂಜೆ ಆರೂವರೆಗೆ ನಂತೂರಿನಲ್ಲಿ ನಿಲ್ಲಿಸಬೇಕಿತ್ತು. ಅಲ್ಲಿ ಎರಡು ಹೆದ್ದಾರಿ ಬಂದು ಸೇರುತ್ತವೆ, ಯಾವುದೂ ಮುಂದೆ ಹೋಗುವುದಿಲ್ಲ. ವೇಗದ ಗೆರೆ ಎಲ್ಲಿಂದ ತರುವುದು? ನಮ್ಮಲ್ಲಿ ಕಾರು ಅಂದರೆ ನಿಂತದ್ದು. ನಿಂತು ಬಿಸಿಯಾದದ್ದು. ಒಳಗೆ ಎಸಿ ಹಾಕಿಕೊಂಡು ಫೋನು ನೋಡುವ ಒಬ್ಬರು, ಗಾಜಿನ ಮೇಲೆ ಮರದ ಪ್ರತಿಬಿಂಬ. ಅದೂ ಆ ಮರ ಇನ್ನೂ ಇದ್ದರೆ.

ಆ ನಿಂತ ಕಾರಿನಲ್ಲಿ ಒಂದು ಚಂದ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ರಸ್ತೆ ಕೆಲಸ ನಡೆಯುವಾಗ ಊರಿನ ಬಿಳಿ ಕಾರುಗಳಿಗೆಲ್ಲ ಒಂದೇ ಅಂಚು ಬಂದುಬಿಡುತ್ತದೆ. ಚಕ್ರದ ಹಿಂದೆ ಗಟ್ಟಿ ಕೆಂಪು, ಬಾಗಿಲಿನ ಮೇಲೆ ಹೋಗುತ್ತ ಹೋಗುತ್ತ ತೆಳುವಾಗಿ, ಹಿಡಿಯ ಹತ್ತಿರ ಬರುವಾಗ ಬರೇ ಚುಕ್ಕಿ. ನನಗೆ ಅದನ್ನು ಬ್ರಶ್ಶಿನಲ್ಲಿ ತರಲು ಒದ್ದೆ ಕಾಗದದ ಮೇಲೆ ಬರ್ಂಟ್ ಸಿಯೆನ್ನಾ ಬಿಟ್ಟು, ಕಾಗದವನ್ನು ಓರೆ ಹಿಡಿದು, ಉಸಿರು ಕಟ್ಟಿ ಕಾಯಬೇಕು. ಕಾರಿಗೆ ಒಂದು ಹೊಂಡ ಸಾಕು. ಹತ್ತು ಲಕ್ಷದ ಕಾರಿಗೂ ಮೂವತ್ತು ಲಕ್ಷದ್ದಕ್ಕೂ ಅದೇ ಅಂಚು.

ಇನ್ನು ಬಣ್ಣದ ವಿಷಯದಲ್ಲಿ ಕಾರಿನವರಿಗೂ ನಮಗೂ ಇರುವ ಋಣ ಬೇರೆಯೇ. ನಮ್ಮ ಟ್ಯೂಬಿನಲ್ಲಿ ಬರುವ ಎಷ್ಟೋ ಹೊಸ ಬಣ್ಣಗಳು ನಮಗಾಗಿ ಮಾಡಿದ್ದಲ್ಲ. ನಾವು ಎಷ್ಟು ಕೊಳ್ಳುತ್ತೇವೆ ಮಹಾ? ಕಾರಿನ ಪೇಂಟು, ಪ್ಲಾಸ್ಟಿಕ್ಕು, ಪ್ರಿಂಟಿಂಗ್ ಶಾಯಿ, ಇವುಗಳಿಗೆ ಟನ್ನುಗಟ್ಟಲೆ ಮಾಡುತ್ತಾರೆ, ಅದರಲ್ಲಿ ಒಂದು ಚಿಟಿಕೆ ನಮ್ಮ ಕಡೆ ಬರುತ್ತದೆ. ಕ್ವಿನಾಕ್ರಿಡೋನ್ ಅನ್ನುವ ಜಾತಿಯ ಬಣ್ಣಗಳಿವೆ, ಬಿಸಿಲಿಗೆ ಮಾಸುವುದಿಲ್ಲ, ಅದಕ್ಕೇ ಕಾರಿನವರಿಗೆ ಬೇಕಾಗಿದ್ದದ್ದು. ಅದರಲ್ಲೊಂದು ಚಿನ್ನದ ಬಣ್ಣ ಇತ್ತು, ನೀರಿನಲ್ಲಿ ತೆಳುವಾಗಿ ಬಿಟ್ಟರೆ ಜೇನು, ಗಟ್ಟಿ ಹಾಕಿದರೆ ಸುಟ್ಟ ಕಿತ್ತಳೆ. ಜಲವರ್ಣದವರಿಗೆ ಅದರ ಮೇಲೆ ಪ್ರಾಣ. ಕಾರು ಕಂಪನಿಗಳಿಗೆ ಆ ಬಣ್ಣ ಬೇಡವಾಯಿತು, 2001ರ ಹೊತ್ತಿಗೆ ಮೂಲ ಪುಡಿ ಮಾಡುವುದನ್ನೇ ನಿಲ್ಲಿಸಿದರು. ಈಗ ಆ ಹೆಸರಿನಲ್ಲಿ ಬರುವುದು ಜಾಸ್ತಿಯಾಗಿ ಬೇರೆ ಎರಡು ಮೂರು ಬಣ್ಣದ ಮಿಶ್ರಣ. ಅಲ್ಲಿ ಯಾರೋ ಬಂಗಾರದ ಬಣ್ಣದ ಕಾರು ಬೇಡ ಅಂದದ್ದಕ್ಕೆ ಇಲ್ಲಿ ನನ್ನ ಪ್ಯಾಲೆಟ್ಟಿನ ಒಂದು ಗುಳಿ ಖಾಲಿ.

ಕಾರನ್ನು ಬೈಯಲಿಕ್ಕೂ ನನಗೆ ಪೂರ್ತಿ ಬಾಯಿಲ್ಲ. ನಾಲ್ಕಡಿ ಕ್ಯಾನ್ವಾಸನ್ನು ಸಿಟಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ನೋಡಿ. ಕಂಡಕ್ಟರು ಹತ್ತಿಸುವುದಿಲ್ಲ, ಹತ್ತಿಸಿದರೂ ಕಂಕನಾಡಿ ತಲುಪುವಾಗ ಅದಕ್ಕೆ ಮೊಣಕೈ ಆಕಾರದ ಹೊಂಡ ಬಿದ್ದಿರುತ್ತದೆ. ರಿಕ್ಷಾದಲ್ಲಿ ಅಡ್ಡ ಹಿಡಿದರೆ ಗಾಳಿಗೆ ಹಾರುತ್ತದೆ. ಪ್ರದರ್ಶನ ಇದ್ದಾಗ ಪರಿಚಯದವರ ಟೆಂಪೋನೇ ಗತಿ.

ಚಿತ್ರ ಕೊಳ್ಳುವವರು ಇನ್ನೊಂದು ತಮಾಷೆ. "ಹಳೆ ಮಂಗಳೂರು ಬೇಕು ಮಾಸ್ಟ್ರೇ. ಹಂಚಿನ ಮನೆ, ಹಂಪನಕಟ್ಟೆ ಗಡಿಯಾರ, ತೆಂಗಿನಮರ. ಕಾರು ಗೀರು ಬೇಡ." ಹೀಗೆ ಹೇಳುವವರು ಬಂದಿರುವುದು ಕಾರಿನಲ್ಲಿ, ಚಿತ್ರ ಹೋಗುವುದು ಹದಿನೆಂಟನೇ ಮಹಡಿಗೆ, ಕೆಳಗೆ ಎರಡು ಅಂತಸ್ತು ಪಾರ್ಕಿಂಗು. ಹಂಪನಕಟ್ಟೆಯ ಹಳೆ ಗಡಿಯಾರ ಗೋಪುರ ಕೆಡವಿ, ಎಷ್ಟೋ ವರ್ಷದ ಮೇಲೆ ಈಗ ಹೊಸದು ಕಟ್ಟಿದ್ದಾರೆ. ಆ ನಡುವಿನ ವರ್ಷಗಳಲ್ಲೂ ನಾನು ಗಡಿಯಾರ ಬಿಡಿಸಿ ಮಾರಿದ್ದೇನೆ, ಹೊಟ್ಟೆಪಾಡು. ಇತ್ತೀಚೆಗೆ ಒಬ್ಬರ ಹತ್ತಿರ ಹಟ ಹಿಡಿದೆ. ಬೀದಿ ಬೇಕಾದರೆ ಕಾರಿನ ಜೊತೆಗೆ, ಇಲ್ಲದಿದ್ದರೆ ಬೇಡ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಾಗಾದರೆ ನಮ್ಮ ಕಾರೇ ಹಾಕಿ, ಆದರೆ ಕೆಸರು ಹಾಕಬೇಡಿ ಅಂದರು.

ನನಗೆ ನಿಜವಾದ ಜಗಳ ಇರುವುದು ಓಡುವ ಕಾರಿನ ಜೊತೆ ಅಲ್ಲ, ನಿಲ್ಲಿಸಿದ ಕಾರಿನ ಜೊತೆ. ಬಿಡಿಸುವವನಿಗೆ ಬೇಕಾಗಿರುವುದು ಒಂದು ಸ್ಟೂಲು ಇಡುವಷ್ಟು ಜಾಗ, ಸ್ವಲ್ಪ ನೆರಳು, ಒಂದೆರಡು ಗಂಟೆ ಯಾರೂ ಎಬ್ಬಿಸದಿರುವುದು. ಫುಟ್‌ಪಾತಿನಲ್ಲಿ ಕಾರು. ಮರದ ನೆರಳಿದ್ದರೆ ಅಲ್ಲಿ ಖಂಡಿತ ಕಾರು, ಮೊದಲೇ ಬಂದು ಹಿಡಿದಿರುತ್ತದೆ. ಒಮ್ಮೆ ಒಂದು ಹಳೆ ಅಂಗಡಿ ಸಾಲನ್ನು ಅರ್ಧ ಬಿಡಿಸಿದ್ದೆ, ಸರಿಯಾಗಿ ಎದುರಿಗೆ ಒಂದು ದೊಡ್ಡ ಗಾಡಿ ಬಂದು ನಿಂತಿತು. ಎಬ್ಬಿಸಲು ನಾನ್ಯಾರು? ಅದನ್ನೇ ಬಿಡಿಸಲು ಶುರು ಮಾಡ್ದೆ. ಮುಕ್ಕಾಲು ಭಾಗ ಆಗುವಾಗ ಯಜಮಾನರು ಬಂದರು, ಬಗ್ಗಿ ನೋಡಿದರು.

"ನಮ್ಮ ಗಾಡಿಯಾ?"

"ಹೌದು. ನೀವು ಹೊರಟಿರಾ?"

"ಇಲ್ಲ ಇಲ್ಲ, ಮುಗಿಸಿ. ನಂಬರು ಮಾತ್ರ ಸರಿ ಬರೆಯಿರಿ, ಫ್ಯಾನ್ಸಿ ನಂಬರು ಅದು."

ಅಲ್ಲೇ ನಿಂತು ಚಾ ತರಿಸಿದರು, ನನಗೂ ಒಂದು. ಹಿಂದೆ ಅಂಗಡಿ ಸಾಲು ಹಾಗೇ ಅರ್ಧಕ್ಕೆ ಉಳಿಯಿತು.

ಮಳೆಗಾಲದಲ್ಲಿ ನನಗೆ ಸಿಕ್ಕಿದ ಒಳ್ಳೆಯ ಸ್ಟುಡಿಯೋ ಅಂದರೆ ಪಂಪ್‌ವೆಲ್ ಫ್ಲೈಓವರಿನ ಅಡಿ. ನಗಬೇಡಿ. ಸುಮಾರು ಹತ್ತು ವರ್ಷ ಎಳೆದು ಎಳೆದು ಅದು 2020ರ ಜನವರಿಯಲ್ಲಿ ಓಡಾಟಕ್ಕೆ ತೆರೆಯಿತು. ಅಲ್ಲಿಯವರೆಗೆ ಫೋನಿನಲ್ಲಿ ಬಂದ ಜೋಕುಗಳನ್ನೆಲ್ಲ ಒಟ್ಟು ಮಾಡಿದ್ದರೆ ಒಂದು ಪುಸ್ತಕ ಆಗುತ್ತಿತ್ತು. ಬರೇ ಕಂಬ ನಿಂತಿದ್ದ ಆ ವರ್ಷಗಳಲ್ಲಿ ಅದರ ಚಿತ್ರ ನಾನು ಜಾಸ್ತಿ ಬಿಡಿಸಿದ್ದು. ಮೇಲೆ ಏನೂ ಇಲ್ಲದ ಕಂಬ, ತುದಿಯಲ್ಲಿ ಕೂದಲಿನ ಹಾಗೆ ಎದ್ದ ಕಬ್ಬಿಣದ ಸರಳು, ಅದರ ತುಕ್ಕು ಮಳೆಯಲ್ಲಿ ಇಳಿದು ಕಾಂಕ್ರೀಟಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಅಗೆದ ಕೆಂಪು. ಮೇಲೂ ತುಕ್ಕು, ಕೆಳಗೂ ತುಕ್ಕು, ನಡುವೆ ಬೂದಿ. ಈಗ ಮುಗಿದ ಫ್ಲೈಓವರನ್ನು ಬಿಡಿಸಲು ಮನಸ್ಸೇ ಬರುವುದಿಲ್ಲ, ಆದರೆ ಅದರ ಅಡಿಯಲ್ಲಿ ಕೂತರೆ ಮಳೆ ತಾಗುವುದಿಲ್ಲ, ಸಮನಾದ ಬೆಳಕು, ಎದುರಿಗೆ ಬಸ್ಸಿಗೆ ಕಾಯುವವರ ಸಾಲು. ಚಿತ್ರಕಾರನಿಗೆ ಅಂತ ಈ ಊರಿನಲ್ಲಿ ಯಾರಾದರೂ ಏನಾದರೂ ಕಟ್ಟಿಸಿದ್ದಾರೆ ಅಂದರೆ, ಗೊತ್ತಿಲ್ಲದೆ ಕಟ್ಟಿಸಿದ್ದು ಅದೊಂದೇ.

ಈಗ ಕದ್ರಿ ಕಡೆಯ ಒಂದು ಒಳರಸ್ತೆಯಲ್ಲಿ ಅಗೆಯಲು ಶುರು ಮಾಡಿದ್ದಾರೆ. ಮುರಕಲ್ಲಿನ ಹಳೆ ಪಾಗಾರ ಅರ್ಧ ಹೋಗಿದೆ, ಉಳಿದರ್ಧದ ಮೇಲೆ ಪಾಚಿ, ಕೆಳಗೆ ಹೊಸ ಕೆಂಪು. ಭಾನುವಾರ ಬೆಳಗ್ಗೆ ಏಳಕ್ಕೆ ಕ್ಲಾಸಿನ ನಾಲ್ಕೈದು ಮಕ್ಕಳ ಜೊತೆ ಹೋಗುತ್ತೇನೆ, ಒಂಬತ್ತರ ಮೇಲೆ ಬಿಸಿಲು ಗೋಡೆಯಿಂದ ಹೋಗಿಬಿಡುತ್ತದೆ. ಬರುವವರು ಬನ್ನಿ. ಹಳೆ ಚಪ್ಪಲಿ ಹಾಕಿಕೊಳ್ಳಿ, ಕೂರಲು ಏನಾದರೂ ತನ್ನಿ, ಬರ್ಂಟ್ ಸಿಯೆನ್ನಾ ಇಲ್ಲದಿದ್ದರೆ ನನ್ನ ಹತ್ತಿರ ಇದೆ, ಅದೂ ಮುಗಿದರೆ ರಸ್ತೆಯಲ್ಲೇ ಬೇಕಾದಷ್ಟು ಇದೆ. ಕಾರಿನಲ್ಲಿ ಬರುವವರು ದಯವಿಟ್ಟು ದೇವಸ್ಥಾನದ ಹತ್ತಿರವೇ ನಿಲ್ಲಿಸಿ ನಡೆದುಕೊಂಡು ಬನ್ನಿ, ಆ ಗೋಡೆಯ ಮುಂದೆ ಮಾತ್ರ ಬೇಡ.